ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಶೆಲ್ಟರ್ ನಾಯಿ ತರುವುದು ಹೇಗೆ

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಮನೆ ಬಿಡುವವರು, ಟ್ರಾಫಿಕ್ ದಾಟಿ ವಾಪಸ್ಸಾಗುವಾಗ ಸಂಜೆ ಏಳು. ಇಂಥ ಮನೆಯಲ್ಲಿ ನಾಯಿ ಸಾಕಬಹುದಾ? ಬೆಂಗಳೂರಲ್ಲಿ ನಾಯಿ ದತ್ತು ತಗೊಳ್ಳಬೇಕು ಅಂತ ಆಸೆ ಇರುವ ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಸಾಕಬಹುದು. ಆದರೆ ಎರಡು ವಿಷಯ ಮೊದಲೇ ತೀರ್ಮಾನ ಆಗಬೇಕು. ಒಂದು, ಮರಿ ಬೇಡ, ಬೆಳೆದ ನಾಯಿ ತನ್ನಿ. ಇನ್ನೊಂದು, ಮಧ್ಯಾಹ್ನ ಒಂದು ಸಲ ನಿಮ್ಮ ಮನೆ ಬಾಗಿಲು ತೆಗೆದು ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗುವವರು ಯಾರು ಅನ್ನುವುದು ನಾಯಿ ಬರುವ ಮುಂಚೆಯೇ ಗೊತ್ತಿರಬೇಕು. ಬಂದಮೇಲೆ ನೋಡೋಣ ಅಂದರೆ ಆಗುವುದಿಲ್ಲ.

ಮರಿ ಯಾಕೆ ಬೇಡ

ಎರಡು ತಿಂಗಳ ಮರಿ ಉಚ್ಚೆ ತಡೆದುಕೊಳ್ಳುವುದು ಹೆಚ್ಚೆಂದರೆ ಮೂರು ಗಂಟೆ. ತಿಂಗಳ ಲೆಕ್ಕಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ, ಇದು ನಾಯಿ ಸಾಕುವವರು ಬಳಸುವ ಅಂದಾಜು ಲೆಕ್ಕ. ಅದಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಹಲ್ಲು ಬರುವಾಗ ಕಂಡದ್ದನ್ನೆಲ್ಲ ಕಚ್ಚುತ್ತದೆ. ಲಸಿಕೆಗಳು ಆರೆಂಟು ವಾರದಿಂದ ಶುರುವಾಗಿ ಸುಮಾರು ನಾಲ್ಕು ತಿಂಗಳವರೆಗೂ ನಡೆಯುತ್ತವೆ, ಅಷ್ಟರೊಳಗೆ ಪಾರ್ವೊ ಅನ್ನುವ ವೈರಸ್ ಕಾಯಿಲೆ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ. ಇದೆಲ್ಲದರ ಮಧ್ಯೆ ಅದು ಜನರನ್ನು, ಗಾಡಿಗಳನ್ನು, ಕುಕ್ಕರ್ ವಿಷಲ್ಲನ್ನು ನೋಡಿ ಕೇಳಿ ರೂಢಿ ಮಾಡಿಕೊಳ್ಳಬೇಕಾದ ವಯಸ್ಸೂ ಅದೇ. ಹತ್ತು ಗಂಟೆ ಒಂಟಿಯಾಗಿ ತನ್ನ ಉಚ್ಚೆಯಲ್ಲೇ ಕೂತು ಬೆಳೆದ ಮರಿಗೆ ಇದ್ಯಾವುದೂ ಸಿಗುವುದಿಲ್ಲ. ಆರು ತಿಂಗಳಾಗುವ ಹೊತ್ತಿಗೆ ಸೋಫಾ ಹರಿದಿರುತ್ತದೆ, ಪಕ್ಕದ ಮನೆಯವರು ದೂರು ಕೊಟ್ಟಿರುತ್ತಾರೆ, ನಾಯಿ ಶೆಲ್ಟರ್‌ಗೆ ವಾಪಸ್ಸು. ಅದರದ್ದೇನು ತಪ್ಪು?

ಬೆಳೆದ ನಾಯಿ ಹಾಗಲ್ಲ. ಎರಡು ವರ್ಷ ದಾಟಿದ ನಾಯಿ ದಿನದಲ್ಲಿ ಹನ್ನೆರಡರಿಂದ ಹದಿನಾಲ್ಕು ಗಂಟೆ ಮಲಗುತ್ತದೆ. ಅದರ ಸ್ವಭಾವ ಏನು ಅನ್ನುವುದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ದೊಡ್ಡ ಗಂಟಲಿನದ್ದಾ, ಮಕ್ಕಳು ಕಂಡರೆ ಹೆದರುತ್ತದಾ, ಬೆಕ್ಕಿನ ಹಿಂದೆ ಓಡುತ್ತದಾ, ಎಲ್ಲ ಶೆಲ್ಟರ್‌ನವರಿಗೆ ಗೊತ್ತಿರುತ್ತದೆ. ನನ್ನ ಕೇಳಿದರೆ ಐದಾರು ವರ್ಷದ ನಾಯಿ ಇನ್ನೂ ಒಳ್ಳೆಯದು. ನಮ್ಮ ನಾಟಿ ನಾಯಿಗಳು ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ, ಕೆಲವು ಅದಕ್ಕೂ ಜಾಸ್ತಿ ಬದುಕುತ್ತವೆ. ಹಾಗಾಗಿ ವಯಸ್ಸಾಯ್ತು ಅಂತ ಹಿಂಜರಿಯಬೇಕಿಲ್ಲ. ಶೆಲ್ಟರ್‌ಗಳಲ್ಲಿ ಮರಿಗಳು ಬೇಗ ಮನೆ ಸೇರುತ್ತವೆ, ಕೊನೆಯವರೆಗೂ ಉಳಿದುಬಿಡುವುದು ಈ ವಯಸ್ಸಾದ ನಾಯಿಗಳೇ.

ಜಾತಿ ನಾಯಿಗಳೂ ಶೆಲ್ಟರ್‌ಗಳಲ್ಲಿ ಸಿಗುತ್ತವೆ, ಜನ ದುಡ್ಡು ಕೊಟ್ಟು ತಂದು ಆಮೇಲೆ ಬಿಟ್ಟುಹೋದವು. ಹಸ್ಕಿ ನೋಡಿ ಮರುಳಾಗಬೇಡಿ. ಅದಕ್ಕೆ ಬೇಕಾಗುವ ಓಟ ಆಫೀಸಿಗೆ ಹೋಗುವವರಿಂದ ಕೊಡಿಸುವುದಕ್ಕಾಗುವುದಿಲ್ಲ, ಮೇಲಿಂದ ಊಳಿಡುತ್ತದೆ. ನಮ್ಮ ಮುಧೋಳ ನಾಯಿ ಮನೆಯೊಳಗೆ ಸುಮ್ಮನೆ ಬಿದ್ದುಕೊಳ್ಳುತ್ತದೆ ನಿಜ, ಆದರೆ ಅದು ಬೇಟೆ ನಾಯಿ, ಓಡಲು ಬಯಲು ಬೇಕು, ಬೆಕ್ಕೋ ಮೊಲವೋ ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳೂ ಬೆಂಗಳೂರಲ್ಲಿ ದತ್ತಿಗೆ ಬಂದಿವೆ. ಪಾಪ, ಅವಕ್ಕೆ ಮನೆ ಅಂದರೇನು ಅಂತಲೇ ಗೊತ್ತಿರುವುದಿಲ್ಲ, ಜೊತೆಗೆ ಇನ್ನೊಂದು ನಾಯಿ ಇದ್ದರೆ, ಹಗಲು ಯಾರಾದರೂ ಮನೆಯಲ್ಲಿದ್ದರೆ ಅವು ಸುಧಾರಿಸುತ್ತವೆ. ಖಾಲಿ ಫ್ಲಾಟಿಗೆ ಬೇಡ.

ಮೊದಲು ಓನರ್ ಹತ್ತಿರ ಮಾತಾಡಿ

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬರಹದಲ್ಲೇ ಇರಲಿ, ವಾಟ್ಸಾಪ್ ಮೆಸೇಜಾದರೂ ಸರಿ. ದತ್ತು ಕೊಡುವವರು ಇದನ್ನು ಕೇಳಿಯೇ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ವಿಷಯ ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಸಾಕು ನಾಯಿಗಳನ್ನು ಅಸೋಸಿಯೇಷನ್‌ಗಳು ನಿಷೇಧಿಸುವ ಹಾಗಿಲ್ಲ, ಬಹುಮತದ ನಿರ್ಣಯ ಮಾಡಿದರೂ ಇಲ್ಲ. ನಾಯಿಗೆ ಲಿಫ್ಟ್ ಇಲ್ಲ ಅನ್ನುವ ಹಾಗೂ ಇಲ್ಲ. ಅದನ್ನೇ ಹಿಡಿದು ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ಪಕ್ಕದ ಮನೆ, ಕೆಳಗಿನ ಮನೆ, ಮೇಲಿನ ಮನೆ, ಮೂರೂ ಕಡೆ ಮುಂಚೆಯೇ ಹೋಗಿ ‘ನಾಯಿ ತರ್ತಿದ್ದೀವಿ, ನಾವಿಲ್ಲದಾಗ ಜಾಸ್ತಿ ಬೊಗಳಿದರೆ ದಯವಿಟ್ಟು ನಮಗೇ ಫೋನ್ ಮಾಡಿ’ ಅಂತ ನಂಬರ್ ಕೊಟ್ಟು ಬನ್ನಿ. ನೀವು ಮನೆಯಲ್ಲಿ ಇರದ ಹೊತ್ತಿನ ಸುದ್ದಿ ನಿಮಗೆ ಸಿಗುವುದು ಅವರಿಂದಲೇ.

ಕಟ್ಟಿಹಾಕಿ ಹೋಗುವ ಯೋಚನೆ ಇದ್ದರೆ ನಾಯಿ ತರಲೇಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ತಪ್ಪು. ಸದಾ ಕಟ್ಟಿಯೋ ಕೂಡಿಯೋ ಹಾಕಿದ ನಾಯಿಗೆ ಓಡಾಟ ಕೊಡದೇ ಇರುವುದೂ ತಪ್ಪು.

ಶೆಲ್ಟರ್‌ನಲ್ಲಿ ನೋಡಬೇಕಾದ್ದು

ಬೆಂಗಳೂರಲ್ಲಿ ಕ್ಯೂಪಾ ಅನ್ನುವ ಪ್ರಾಣಿ ರಕ್ಷಣಾ ಸಂಸ್ಥೆ 1991ರಿಂದ ಇದೆ, ಮೂರು ಕಾಲಿನ ನಾಯಿ ಚಾರ್ಲಿಯ ಹೆಸರಲ್ಲಿ ಶುರುವಾದ ಕೇರ್ ಇದೆ, ಇನ್ನೂ ಎಷ್ಟೋ ಚಿಕ್ಕ ಪುಟ್ಟ ಗುಂಪುಗಳಿವೆ. ಫೋಟೋ ನೋಡಿ ಇದೇ ಬೇಕು ಅಂತ ಮನಸ್ಸು ಮಾಡಿಕೊಂಡು ಹೋಗಬೇಡಿ. ‘ನಾವಿಬ್ಬರೂ ದಿನಾ ಇಷ್ಟು ಗಂಟೆ ಹೊರಗಿರ್ತೀವಿ, ಮಧ್ಯಾಹ್ನ ಇಂಥವರು ಬರ್ತಾರೆ, ನಮಗೆ ಯಾವ ನಾಯಿ ಹೊಂದುತ್ತೆ ನೀವೇ ಹೇಳಿ’ ಅಂತ ಕೇಳಿ. ಕೆಲಸದ ವೇಳೆಯನ್ನು ಕಡಿಮೆ ಮಾಡಿ ಹೇಳಬೇಡಿ. ಹತ್ತು ಗಂಟೆಯನ್ನು ಆರು ಅಂದರೆ ಅವರು ಆರು ಗಂಟೆಗೆ ಹೊಂದುವ ನಾಯಿಯನ್ನೇ ತೋರಿಸುತ್ತಾರೆ.

ಒಳಗೆ ಕಾಲಿಟ್ಟ ತಕ್ಷಣ ಎಲ್ಲ ನಾಯಿಗಳೂ ಬೊಗಳುತ್ತವೆ, ಜಾಲರಿ ಮೇಲೆ ಹಾರುತ್ತವೆ. ಸ್ವಲ್ಪ ಹೊತ್ತು ಒಂದು ಕಡೆ ನಿಲ್ಲಿ. ಗದ್ದಲ ತಣ್ಣಗಾದ ಮೇಲೆ ನೋಡಿ, ಒಂದು ನಾಯಿ ಎದ್ದು ಬಂದು ಜಾಲರಿಗೆ ಮೂತಿ ಒತ್ತಿ ನಿಮ್ಮ ಕೈ ಮೂಸುತ್ತದೆ, ಬಾಲ ಸೊಂಟದ ಮಟ್ಟದಲ್ಲಿ ನಿಧಾನವಾಗಿ ಆಡುತ್ತಿರುತ್ತದೆ, ಆಮೇಲೆ ವಾಪಸ್ ಹೋಗಿ ತನ್ನ ಗೋಣಿಚೀಲದ ಮೇಲೆ ಎರಡು ಸುತ್ತು ಸುತ್ತಿ ಮಲಗುತ್ತದೆ. ನಿಮಗೆ ಬೇಕಾಗಿರುವುದು ಅದು. ಕಾಲು ಬಿಡದೆ ಅಂಟಿಕೊಳ್ಳುವ, ನೀವು ಎರಡು ಹೆಜ್ಜೆ ಆಚೆ ಹೋದರೆ ಕುಂಯ್ ಅನ್ನುವ ನಾಯಿ ಮನಸ್ಸು ಕರಗಿಸುತ್ತದೆ, ಆದರೆ ದಿನವಿಡೀ ಯಾರಾದರೂ ಇರುವ ಮನೆ ಅದಕ್ಕೆ ಸಿಗಲಿ. ಮೂಲೆಗೆ ಬೆನ್ನು ಕೊಟ್ಟು ನಡುಗುವ ನಾಯಿಯೂ ಹಾಗೇ, ಮೊದಲ ಕೆಲವು ತಿಂಗಳು ಅದಕ್ಕೆ ಪೂರ್ತಿ ಹೊತ್ತು ಕೊಡುವವರು ಬೇಕು.

ಇಷ್ಟವಾದ ನಾಯಿಯನ್ನು ಬೇರೆ ಜಾಗಕ್ಕೆ ಕರೆತರಲು ಹೇಳಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಅದಾಗೇ ಬರಲಿ. ಆಮೇಲೆ ಒಂದು ರೂಮಲ್ಲಿ ಅದನ್ನು ಬಿಟ್ಟು ಬಾಗಿಲು ಹಾಕಿಕೊಂಡು ಹೊರಗೆ ಹತ್ತು ನಿಮಿಷ ನಿಂತು ಕೇಳಿ. ಒಂದೆರಡು ಸಲ ಕೂಗಿ ಸುಮ್ಮನಾದರೆ ತೊಂದರೆ ಇಲ್ಲ. ಬಾಗಿಲು ಕೆರೆಯುವುದು, ಏದುಸಿರು ಜಾಸ್ತಿಯಾಗುತ್ತಲೇ ಹೋದರೆ ಯೋಚಿಸಿ. ಆಫೀಸಲ್ಲಿ ಕೂತವರನ್ನು ಕೇಳುವಷ್ಟೇ, ದಿನಾ ಅನ್ನ ಹಾಕಿ ಗೂಡು ತೊಳೆಯುವವರನ್ನೂ ಕೇಳಿ. ರಾತ್ರಿ ಹೇಗಿರುತ್ತದೆ, ಅನ್ನದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದಾ, ಮುಂಚೆ ಯಾರದಾದರೂ ಮನೆಯಲ್ಲಿತ್ತಾ, ಅವರು ಯಾಕೆ ಬಿಟ್ಟರು? ಅವರು ಮುಲಾಜಿಲ್ಲದೆ ಹೇಳುತ್ತಾರೆ. ಒಂದು ನಾಯಿ ಫಾಸ್ಟರ್ ಮನೆಯಲ್ಲಿ, ಅಂದರೆ ದತ್ತು ಆಗುವವರೆಗೆ ತಾತ್ಕಾಲಿಕವಾಗಿ ಸಾಕುವವರ ಮನೆಯಲ್ಲಿದ್ದರೆ ಇನ್ನೂ ಅನುಕೂಲ, ಒಂಟಿ ಬಿಟ್ಟಾಗ ಹೇಗಿತ್ತು ಅಂತ ಅವರು ಕಣ್ಣಾರೆ ಕಂಡಿರುತ್ತಾರೆ. ನೀವೇ ಕೆಲವು ವಾರ ಫಾಸ್ಟರ್ ಮಾಡಿ, ಸರಿಹೋದರೆ ದತ್ತು ತಗೊಳ್ಳುವ ದಾರಿಯೂ ಇದೆ, ಕೇಳಿ ನೋಡಿ.

ಕಿವಿಯ ತುದಿ ‘ವಿ’ ಆಕಾರದಲ್ಲಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ. ಆಗಿಲ್ಲದಿದ್ದರೆ ಮಾಡಿಸಿಯೇ ತನ್ನಿ. ಲಸಿಕೆಯ ಪುಸ್ತಕ, ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ಕೈಗೆ ತಗೊಳ್ಳಿ.

ಮನೆಗೆ ತರುವ ದಿನ, ಆಮೇಲಿನ ವಾರ

ದೀಪಾವಳಿ ಹತ್ತಿರ ತರಬೇಡಿ. ಹೊಸ ಮನೆ, ಹೊಸ ಜನ, ಜೊತೆಗೆ ಪಟಾಕಿ, ಮೂರೂ ಒಟ್ಟಿಗೆ ಬಂದರೆ ನಾಯಿ ಓಡಿಹೋಗುತ್ತದೆ. ಶುಕ್ರವಾರ ಸಂಜೆ ತಂದು ಮುಂದಿನ ವಾರ ರಜೆ ಹಾಕಿ. ಇಬ್ಬರೂ ಒಂದೇ ವಾರ ಹಾಕುವುದಕ್ಕಿಂತ ಒಬ್ಬರಾದ ಮೇಲೆ ಒಬ್ಬರು ಹಾಕಿದರೆ ಎರಡು ವಾರ ಸಿಗುತ್ತದೆ.

ಶೆಲ್ಟರ್ ನಾಯಿಗಳು ಕಳೆದುಹೋಗುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಕಾರಿನ ಬಾಗಿಲು ತೆಗೆದಾಗ, ಗೇಟು ತೆಗೆದಾಗ, ಹಾಲಿನವರು ಬಂದಾಗ. ನಾಟಿ ನಾಯಿಗಳ ಕತ್ತು ತಲೆಗಿಂತ ಅಷ್ಟೇನೂ ಸಣ್ಣದಿರುವುದಿಲ್ಲ, ಹಿಂದಕ್ಕೆ ಜಗ್ಗಿದರೆ ಬೆಲ್ಟ್ ಸಲೀಸಾಗಿ ಕಳಚಿಕೊಳ್ಳುತ್ತದೆ. ಹಾಗಾಗಿ ಕತ್ತಿಗೆ ಬೆಲ್ಟ್ ಒಂದು, ಎದೆ ಸುತ್ತ ಕಟ್ಟುವ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ. ಇದನ್ನು ಶೆಲ್ಟರ್ ಬಿಡುವ ಮುಂಚೆಯೇ ಹಾಕಿ, ಕನಿಷ್ಠ ಮೂರು ತಿಂಗಳು ಹಾಗೇ ನಡೆಸಿ. ಪಾರ್ಕಿನಲ್ಲಿ ಹಗ್ಗ ಬಿಚ್ಚುವ ಯೋಚನೆ ಈಗ ಬೇಡವೇ ಬೇಡ.

ಮನೆಗೆ ಬಂದ ದಿನ ಸ್ನಾನ ಬೇಡ, ನೆಂಟರು ಬೇಡ, ಪಕ್ಕದ ಮನೆ ಮಕ್ಕಳ ಗುಂಪೂ ಬೇಡ. ಒಂದು ಮೂಲೆಯಲ್ಲಿ ಹಳೇ ಕೌದಿ ಹಾಸಿ, ಪಕ್ಕದಲ್ಲಿ ನೀರು ಇಡಿ. ಊಟ ಬಿಡಬಹುದು, ಎರಡು ದಿನ ಸುಮ್ನೆ ಬಾಗಿಲ ಕಡೆಯೇ ನೋಡಿಕೊಂಡು ಮಲಗಬಹುದು. ಮೂರು ದಿನ ಗಾಬರಿ, ಮೂರು ವಾರದಲ್ಲಿ ಮನೆಯ ರೂಢಿ, ಮೂರು ತಿಂಗಳಲ್ಲಿ ‘ಇದು ನನ್ನ ಮನೆ’, ಹೀಗೆ ಒಂದು ಲೆಕ್ಕ ಹೇಳುತ್ತಾರೆ. ಕೆಲವಕ್ಕೆ ಇನ್ನೂ ಹೆಚ್ಚು ಬೇಕು.

ಒಂಟಿ ಇರುವುದನ್ನು ಕಲಿಸುವುದು

ಇದೇ ಈ ಇಡೀ ಕೆಲಸದ ತಿರುಳು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಾಯಿ ಬಂತು ಅಂತ ಎರಡು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಇಪ್ಪತ್ನಾಲ್ಕು ಗಂಟೆಯೂ ಅದರ ಪಕ್ಕದಲ್ಲೇ ಕೂತು, ಮೂರನೇ ವಾರ ಸೋಮವಾರ ಬೆಳಿಗ್ಗೆ ದಿಢೀರನೆ ಹತ್ತು ಗಂಟೆ ಮಾಯವಾದರೆ ನಾಯಿ ಏನಂದುಕೊಳ್ಳಬೇಕು? ಇವರೂ ಬಿಟ್ಟುಹೋದರು ಅಂತ. ಹಾಗಾಗಿ ಎರಡನೇ ದಿನದಿಂದಲೇ ಸಣ್ಣ ಸಣ್ಣದಾಗಿ ಹೋಗಿ ಬನ್ನಿ. ಕಸ ಹಾಕಲು ಕೆಳಗೆ, ಒಂದು ನಿಮಿಷ. ಹಾಲು ತರಲು, ಐದು ನಿಮಿಷ. ವಾಪಸ್ ಬಂದಾಗ ಸಂಭ್ರಮ ಬೇಡ, ಹೋಗುವಾಗ ಮುದ್ದು ಮಾಡಿ ಸಾರಿ ಹೇಳುವುದೂ ಬೇಡ. ನಾಯಿ ಸಮಾಧಾನವಾಗಿದ್ದರೆ ಮಾತ್ರ ಮುಂದಿನ ಸಲ ಹೊತ್ತು ಹೆಚ್ಚಿಸಿ, ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ. ಮೊದಲ ಅರ್ಧ ಗಂಟೆಯೇ ಕಷ್ಟದ್ದು, ಅದನ್ನು ದಾಟಿದ ನಾಯಿ ಸಾಮಾನ್ಯವಾಗಿ ಮಲಗಿಬಿಡುತ್ತದೆ.

ನಾಯಿಗಳು ನಿಮ್ಮ ತಯಾರಿಯನ್ನು ಓದುತ್ತವೆ. ಕೊರಳಿಗೆ ಐಡಿ ಕಾರ್ಡ್ ಬಿತ್ತು, ಹೆಲ್ಮೆಟ್ ಎತ್ತಿಕೊಂಡರು, ಬೀಗದ ಕೈ ಸದ್ದಾಯಿತು ಅಂದರೆ ಅದಕ್ಕೆ ಗೊತ್ತು. ಐಡಿ ಕಾರ್ಡ್ ಹಾಕಿಕೊಂಡು ಹೋಗಿ ಅಡುಗೆಮನೆಯಲ್ಲಿ ಕಾಫಿ ಮಾಡಿ. ಹೆಲ್ಮೆಟ್ ಎತ್ತಿ ಮತ್ತೆ ಅಲ್ಲೇ ಇಡಿ. ಬೀಗದ ಕೈ ಹಿಡಿದು ಟಿವಿ ನೋಡಿ. ದಿನಾ ಹೀಗೆ ಮಾಡುತ್ತಿದ್ದರೆ ಆ ಸದ್ದುಗಳಿಗೆ ಅರ್ಥ ಹೋಗುತ್ತದೆ.

ಹಳೇ ಫೋನ್ ಒಂದನ್ನು ಕ್ಯಾಮೆರಾ ಮಾಡಿ ಹಾಲ್‌ನಲ್ಲಿರುವ ಶೆಲ್ಫ್ ಮೇಲಿಟ್ಟು ಹೋಗಿ, ಆಮೇಲೆ ನೋಡಿ. ಬಾಗಿಲ ಹತ್ತಿರ ಹೋಗಿ ಮೂಸಿ, ಒಂದೆರಡು ಸಲ ಬೊಗಳಿ, ನೀರು ಕುಡಿದು ಮಲಗಿದರೆ ಅದು ಬೇಜಾರು ಅಷ್ಟೇ. ಬಿಡದೆ ಊಳಿಡುವುದು, ಬಾಗಿಲ ಚೌಕಟ್ಟನ್ನು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಳ್ಳುವುದು, ನೆಲವೆಲ್ಲ ಜೊಲ್ಲು, ಹೊರಗೆ ಹೋಗುವ ರೂಢಿ ಇದ್ದರೂ ಒಳಗೇ ಉಚ್ಚೆ, ನೀವಿಟ್ಟುಹೋದ ಇಷ್ಟದ ತಿಂಡಿಯನ್ನು ಮುಟ್ಟದೇ ಇರುವುದು, ಇವು ಭಯದ ಲಕ್ಷಣ. ಬೈದರೆ ಹೊಡೆದರೆ ಭಯ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಹೊತ್ತನ್ನು ಮತ್ತೆ ಒಂದು ನಿಮಿಷಕ್ಕೆ ಇಳಿಸಿ, ಡಾಕ್ಟರಿಗೂ ವರ್ತನೆ ತಿದ್ದುವ ತರಬೇತುದಾರರಿಗೂ ಆ ವಿಡಿಯೋ ತೋರಿಸಿ. ಅಲ್ಲಿಯವರೆಗೆ ಡೇಕೇರ್‌ನಲ್ಲೋ ಸಂಬಂಧಿಕರ ಮನೆಯಲ್ಲೋ ಹಗಲು ಬಿಡುವ ವ್ಯವಸ್ಥೆ ಮಾಡಿಕೊಳ್ಳಿ.

ಕೆಲಸದ ದಿನ

ಬೆಳಿಗ್ಗೆ ಒಂದು ಗಂಟೆ ಮುಂಚೆ ಏಳಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮುಕ್ಕಾಲು ಗಂಟೆ ನಡೆಸಿ, ಮೂಸಲು ಬಿಡಿ. ಪ್ರತಿ ಕಂಬ, ಪ್ರತಿ ಗಿಡ, ಪ್ರತಿ ಕಾರಿನ ಚಕ್ರ ಮೂಸಿದರೆ ಮೂಸಲಿ. ಮೂಸುವುದರಿಂದ ನಾಯಿಗೆ ಆಗುವ ದಣಿವು ಎಳೆದುಕೊಂಡು ಓಡಿಸಿದರೆ ಆಗುವುದಿಲ್ಲ. ಬೆಳಗಿನ ಊಟದಲ್ಲಿ ಅರ್ಧ ತಟ್ಟೆಗೆ, ಇನ್ನರ್ಧ ನೀವು ಹೊರಡುವಾಗ ಹುಡುಕಿ ತಿನ್ನುವುದಕ್ಕೆ: ಹಳೇ ಟವೆಲ್ ಒಳಗೆ ಸುತ್ತಿದ ಕಾಳು, ರಟ್ಟಿನ ಡಬ್ಬದೊಳಗೆ ಕಾಗದದ ಉಂಡೆಗಳ ಮಧ್ಯೆ ಬಚ್ಚಿಟ್ಟ ತುಂಡು, ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ್ದು. ಬಟ್ಟೆ ರಟ್ಟು ನುಂಗುವ ನಾಯಿಯಾದರೆ ರಬ್ಬರ್ ಆಟಿಕೆ ಮಾತ್ರ. ಮೊದಲು ನೀವಿರುವಾಗ ಕೊಟ್ಟು ನೋಡಿ.

ಈಗ ಮಧ್ಯಾಹ್ನದ ವಿಷಯ. ಬೆಳೆದ ನಾಯಿಯೂ ಆರರಿಂದ ಎಂಟು ಗಂಟೆಗಿಂತ ಜಾಸ್ತಿ ಉಚ್ಚೆ ಕಟ್ಟಿಕೊಂಡಿರಬಾರದು. ಹತ್ತು ಗಂಟೆ ತಡೆದುಕೊಳ್ಳುತ್ತಲ್ಲಾ ಅನ್ನುವವರಿದ್ದಾರೆ, ತಡೆದುಕೊಳ್ಳುತ್ತದೆ, ಬೇರೆ ದಾರಿಯಿಲ್ಲ ಅಂತ. ಒಂದು ಗಂಟೆ ಸುಮಾರಿಗೆ ಯಾರಾದರೂ ಬಂದು ಇಪ್ಪತ್ತು ನಿಮಿಷ ಕೆಳಗೆ ಕರೆದುಕೊಂಡು ಹೋಗಬೇಕು. ಮನೆಕೆಲಸಕ್ಕೆ ಬರುವ ಅಕ್ಕ ನಾಯಿಗೆ ಹೆದರದಿದ್ದರೆ ಅವರ ವೇಳೆಯನ್ನೇ ಮಧ್ಯಾಹ್ನಕ್ಕೆ ಬದಲಿಸಿಕೊಳ್ಳಿ, ಆದರೆ ಇದಕ್ಕೆ ಬೇರೆ ಸಂಬಳ ಕೊಡಿ, ಪಾತ್ರೆ ಬಟ್ಟೆ ಜೊತೆಗೆ ಇದೂ ಒಂದು ಅಂತ ಸೇರಿಸಿಬಿಡಬೇಡಿ. ನಿಮ್ಮದೇ ಬಿಲ್ಡಿಂಗ್‌ನಲ್ಲಿ ನಾಯಿ ಪ್ರೀತಿಸುವ ನಿವೃತ್ತರು ಇರುತ್ತಾರೆ, ಕಾಲೇಜು ಹುಡುಗರು ಇರುತ್ತಾರೆ, ದುಡ್ಡು ತಗೊಂಡು ನಡೆಸುವ ವಾಕರ್‌ಗಳೂ ಇದ್ದಾರೆ. ಯಾರೇ ಆಗಲಿ, ನೀವು ಮನೆಯಲ್ಲಿರುವ ಶನಿವಾರ ಭಾನುವಾರ ಅವರನ್ನು ಕರೆಸಿ, ಅವರ ಕೈಯಿಂದಲೇ ತಿಂಡಿ ಕೊಡಿಸಿ, ಜೊತೆಗೆ ನಡೆದು ಎರಡು ಹಗ್ಗ ಹಿಡಿಯುವುದನ್ನು ತೋರಿಸಿ. ನೀವಿಲ್ಲದ ಮನೆಗೆ ಗುರುತಿಲ್ಲದವರು ನುಗ್ಗಿದರೆ ಒಳ್ಳೆಯ ನಾಯಿಯೂ ಕಚ್ಚಬಹುದು. ಅವರು ರಜೆ ಹಾಕಿದ ದಿನಕ್ಕೆ ಎರಡನೆಯವರೊಬ್ಬರು ಇರಲಿ. ವಾರಕ್ಕೆ ಒಂದೆರಡು ದಿನ ಡೇಕೇರ್ ಆದರೂ ನಡೆಯುತ್ತದೆ. ಆದರೆ ಹೋಗಿ ನೋಡಿ, ಎಷ್ಟು ನಾಯಿಗೆ ಎಷ್ಟು ಜನ ಇದ್ದಾರೆ, ಲಸಿಕೆ ಪುಸ್ತಕ ಕೇಳುತ್ತಾರಾ ಅಂತ. ಕೇಳದ ಜಾಗಕ್ಕೆ ಬಿಡಬೇಡಿ.

ಬಾಲ್ಕನಿಯಲ್ಲಿ ಬಿಟ್ಟು ಹೋಗಬೇಡಿ. ಬಿಸಿಲು, ಮಳೆ, ಕೆಳಗೆ ಓಡಾಡುವ ನಾಯಿಗಳು, ಸರಳುಗಳ ಸಂದು, ಎಲ್ಲವೂ ಅಪಾಯ. ಮನೆಯೊಳಗೆ ಒಂದು ರೂಮು, ಅಥವಾ ಹಾಲ್, ಫ್ಯಾನ್ ಹಾಕಿರಲಿ, ನೀರು ಎರಡು ಕಡೆ ಇರಲಿ. ಕಸದ ಡಬ್ಬಿ, ಮೊಬೈಲ್ ಚಾರ್ಜರ್, ಮಾತ್ರೆಗಳು, ದ್ರಾಕ್ಷಿ ಗೋಡಂಬಿಯ ಡಬ್ಬ, ಚಾಕೊಲೇಟ್ ಎತ್ತಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಹಾಗಾಗಿ ಸಾಂಬಾರ್ ಅನ್ನವೂ ಬೇಡ, ಬೇಯಿಸಿದ ಕೋಳಿ ಮೂಳೆಯಂತೂ ಬೇಡವೇ ಬೇಡ. ಉಪ್ಪಿಲ್ಲದ ಚಿಕನ್, ಮೊಟ್ಟೆ, ಅನ್ನ, ಕುಂಬಳಕಾಯಿ, ಸ್ವಲ್ಪ ರಾಗಿ ಕೊಡಬಹುದು. ಬರೀ ಅನ್ನ ಮೊಸರಲ್ಲಿ ಅದಕ್ಕೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ.

ಸಂಜೆ ಬಂದ ತಕ್ಷಣ ಸೋಫಾ ಮೇಲೆ ಬೀಳುವ ಹಾಗಿಲ್ಲ, ಮೊದಲು ಅದನ್ನು ಕೆಳಗೆ ಕರೆದೊಯ್ಯಿರಿ. ರಾತ್ರಿ ಮೈ ತಡವುವಾಗ ಬೆರಳ ಸಂದು, ಕಿವಿಯ ಹಿಂದೆ, ಬೆಲ್ಟಿನ ಕೆಳಗೆ ಉಣ್ಣಿ ಇದೆಯಾ ನೋಡಿ. ಬೆಂಗಳೂರಲ್ಲಿ ಉಣ್ಣಿ ಜ್ವರ ತುಂಬಾ ಸಾಮಾನ್ಯ. ನೀವು ಹಗಲು ಮನೆಯಲ್ಲಿರುವುದಿಲ್ಲವಾದ್ದರಿಂದ ನಾಯಿ ಮಂಕಾದದ್ದು ತಡವಾಗಿ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಮಧ್ಯಾಹ್ನ ಬರುವವರನ್ನು ದಿನಾ ಕೇಳಿ: ತಿಂತಾ, ನಡೀತಾ, ಉಚ್ಚೆ ಬಣ್ಣ ಹೇಗಿತ್ತು. ಊಟ ಬಿಟ್ಟು ವಸಡು ಬಿಳಿಚಿಕೊಂಡಿದ್ದರೆ ನಾಳೆ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ ರಕ್ತಪರೀಕ್ಷೆ ಮಾಡಿಸಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು. ಪಾಲಿಕೆಯ ಲೈಸೆನ್ಸ್‌ಗೂ ಆ ಸರ್ಟಿಫಿಕೇಟ್ ಬೇಕು.

ಇದಕ್ಕೆ ಜೊತೆ ಇರಲಿ ಅಂತ ಬೇಗ ಎರಡನೇ ನಾಯಿ ತರಬೇಡಿ. ಮೊದಲನೆಯದು ಒಂಟಿ ಇರಲು ಹೆದರುತ್ತಿದ್ದರೆ ನೋಡಿ ನೋಡಿ ಎರಡನೆಯದೂ ಊಳಿಡಲು ಕಲಿಯಬಹುದು. ಶೆಲ್ಟರ್‌ನಲ್ಲೇ ಜೋಡಿಯಾಗಿ ಬೆಳೆದು ಒಟ್ಟಿಗೇ ಹೋಗಬೇಕಾದ ನಾಯಿಗಳಿದ್ದರೆ, ಜಾಗ ಮತ್ತು ಖರ್ಚು ನಿಭಾಯಿಸುವುದಾದರೆ, ಆ ಮಾತು ಬೇರೆ.

ಎಲ್ಲ ಮಾಡಿಯೂ ಹೊಂದದೇ ಹೋಗಬಹುದು. ಆಗ ಕೊಟ್ಟವರಿಗೇ ಫೋನ್ ಮಾಡಿ. ವಾಪಸ್ ತಮಗೇ ಕೊಡಬೇಕು, ಬೇರೆಯವರಿಗೆ ಕೊಡಬಾರದು ಅಂತ ದತ್ತು ಪತ್ರದಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ, ಸಹಿ ಹಾಕುವಾಗ ಓದಿಕೊಳ್ಳಿ. ಬೀದಿಯಿಂದಲೇ ಬಂದದ್ದಲ್ವಾ ಅಂತ ಎಲ್ಲೋ ಬಿಟ್ಟುಬರಬೇಡಿ, ಹೊಸ ಏರಿಯಾದ ನಾಯಿಗಳು ಅದನ್ನು ಸೇರಿಸುವುದಿಲ್ಲ.

ಹಬ್ಬಕ್ಕೆ ಊರಿಗೆ ಹೋಗುವ ಯೋಚನೆಯೂ ಈಗಲೇ ಇರಲಿ. ರೈಲಲ್ಲಿ ನಾಯಿ ಜೊತೆಗಿರಬೇಕಾದರೆ ಫಸ್ಟ್ ಕ್ಲಾಸ್ ಎಸಿಯಲ್ಲಿ ಪೂರ್ತಿ ಕೂಪೆ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಕಳಿಸಬೇಕು. ಹೊಸದಾಗಿ ಬಂದ ನಾಯಿಗೆ ಅದು ಬೇಡ. ಕಾರಲ್ಲಿ ಹೋಗುವುದಾದರೆ ಎರಡು ಹಗ್ಗವೂ ಹಾಕಿರಲಿ, ಢಾಬಾದಲ್ಲಿ ಬಾಗಿಲು ತೆಗೆಯುವ ಮುಂಚೆ ಒಬ್ಬರ ಕೈಯಲ್ಲಿ ಹಗ್ಗ ಇರಲಿ. ಬಿಟ್ಟು ಹೋಗುವುದಾದರೆ ಮಧ್ಯಾಹ್ನ ಬರುವವರೇ ನಿಮ್ಮ ಮನೆಯಲ್ಲಿ ಬಂದು ಉಳಿಯುವುದು ನಾಯಿಗೆ ಎಲ್ಲಕ್ಕಿಂತ ಸುಲಭ, ಗೌರಿ ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಅವರನ್ನು ಕೇಳಿಡಿ, ಅವರಿಗೂ ಹಬ್ಬ ಇರುತ್ತದೆ.